ಚಪ್ಪಲಿ ಕಾಯುವ ಸಾಹೇಬ

ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಕೊರೊನಾ ಕಾಲ ಕಳೆದು ಊರುಗಳ ಥಿಯೇಟರುಗಳು ಮತ್ತೆ ತುಂಬತೊಡಗಿದ್ದ ದಿನಗಳು. ಆಗ ನಾನು ಅಥಣಿ ಕಡೆಯ ಒಂದು ವಿದ್ಯುತ್ ಉಪವಿಭಾಗದಲ್ಲಿ ಎಇಇ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಂದು ನೌಕರಿಯುದ್ದಕ್ಕೂ ಸುತ್ತಿ ಕೊನೆಗೆ ಅಲ್ಲಿಗೆ ಬಂದು ಬಿದ್ದಿದ್ದೆ. ಈ ಕಥೆಯಲ್ಲಿ ಬರುವವರಲ್ಲಿ ಹೆಚ್ಚಿನವರು ಇನ್ನೂ ನೌಕರಿಯಲ್ಲಿದ್ದಾರೆ. ಹಾಗಾಗಿ ಊರಿನ ಹೆಸರು ಬಿಟ್ಟಿದ್ದೇನೆ, ಮನುಷ್ಯರ ಹೆಸರು ಬದಲಿಸಿದ್ದೇನೆ.

ನನ್ನ ಕೈಕೆಳಗಿನ ಒಂದು ಶಾಖೆಗೆ ಸಂಜೀವ ಎಂಬ ತರುಣ ಶಾಖಾಧಿಕಾರಿಯಾಗಿ ಬಂದಿದ್ದ. ಮನೆಯವರು ದ್ರಾಕ್ಷಿ ತೋಟದವರು, ಗಟ್ಟಿ ಆಳು. ಜೀಪಿನಿಂದ ಇಳಿಯದೆ ಕಿಟಕಿಯಿಂದಲೇ ಕೈ ತೋರಿಸಿ ಕೆಲಸ ಮಾಡಿಸುವ ಅಧಿಕಾರಿಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ತಾನೇ ಹಗ್ಗ ಹಿಡಿಯುತ್ತಿದ್ದ, ಕಂಬಕ್ಕೆ ಹೆಗಲು ಕೊಡುತ್ತಿದ್ದ. ಲೈನ್‌ಮ್ಯಾನ್‌ಗಳಿಗೆ ಅವನೆಂದರೆ ಪ್ರಾಣ. ನನಗೂ ಅವನ ಮೇಲೆ ಮಮತೆಯಿತ್ತು, ಆ ಮಮತೆಯಲ್ಲಿ ಒಂದಿಷ್ಟು ಕಳವಳವೂ ಬೆರೆತಿತ್ತು.

ಅದೇ ಬೇಸಿಗೆಯಲ್ಲಿ ಒಬ್ಬ ವೀರ ರಾಜನ ಮೇಲೆ ಮಾಡಿದ ಸಿನಿಮಾ ಬಂತು. ಯಾವ ರಾಜ ಎಂದು ಹೇಳುವುದಿಲ್ಲ. ನಮ್ಮ ಗಡಿ ಸೀಮೆಯಲ್ಲಿ ರಾಜನ ಹೆಸರು ಎತ್ತಿದರೆ ಮಾತು ಬೇರೆ ಕಡೆ ಹೊರಟುಬಿಡುತ್ತದೆ, ನನಗೆ ಬೇಕಾದದ್ದು ಸಿನಿಮಾದ ರಾಜನಷ್ಟೇ. ಹಳ್ಳಿ ಹಳ್ಳಿಯಿಂದ ಜನ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ತುಂಬಿಕೊಂಡು ಅಥಣಿಗೆ ಬಂದರು. ಸಂಜೀವ ತನ್ನ ಇಡೀ ಗ್ಯಾಂಗನ್ನು ಕರೆದುಕೊಂಡು ಹೊರಟ. ನನ್ನನ್ನೂ ಬಿಡಲಿಲ್ಲ.

ಸಿನಿಮಾದ ಕೊನೆಯ ಯುದ್ಧ ಹೀಗಿತ್ತು. ರಾಜ ಒಂದು ದಿಬ್ಬದ ಮೇಲೆ ನಿಂತಿದ್ದಾನೆ, ಕೈಯಲ್ಲಿ ನಿಶಾನೆ. ಅಲ್ಲಿಂದ ರಣರಂಗದ ಎರಡೂ ಕಡೆ ಕಾಣುತ್ತದೆ. ಗುಡ್ಡದ ಹಿಂದೆ ಅವನದೇ ಒಂದು ಕುದುರೆ ದಳ ಅಡಗಿ ನಿಂತಿದೆ. ರಾಜ ನಿಶಾನೆ ಬೀಸಿದಾಗ ಅವರು ನುಗ್ಗಬೇಕು. ಅಷ್ಟರಲ್ಲಿ ಎದುರಿನ ಸಾಲು ತನ್ನವರ ಮೇಲೆ ಏರಿ ಬರುವುದನ್ನು ಕಂಡು ರಾಜನ ರಕ್ತ ಕುದಿಯುತ್ತದೆ. ಮುದುಕ ಸೇನಾಪತಿ ಕುದುರೆಯ ಲಗಾಮು ಹಿಡಿದು, ಇಲ್ಲೇ ಇರಿ ಎಂದು ಅಂಗಲಾಚುತ್ತಾನೆ. ರಾಜ ಅವನನ್ನು ಗದರಿಸಿ, ನಿಶಾನೆ ಎಸೆದು, ಎಲ್ಲರಿಗಿಂತ ಮುಂದೆ ತಾನೇ ನುಗ್ಗುತ್ತಾನೆ. ಆಮೇಲಿನ ಹೊಡೆದಾಟ, ರಾಜನ ಸಾವು, ಅದರ ಸಂಗೀತ ಎಲ್ಲ ಸೇರಿ ಥಿಯೇಟರಿನಲ್ಲಿ ಅಳದವರಿಲ್ಲ. ನಾನೂ ಕಣ್ಣೊರೆಸಿಕೊಂಡೆ.

ಹೊರಗೆ ಬಂದು ಚಹಾ ಕುಡಿಯುವಾಗ ಸಂಜೀವನ ಕಣ್ಣುಗಳು ಇನ್ನೂ ಕೆಂಪಗಿದ್ದವು.

"ಸರ್, ಮುಂದಾಳು ಅಂದ್ರ ಹಂಗಿರಬೇಕ್ರಿ. ಮುಂದ ತಾನು, ಹಿಂದ ಮಂದಿ," ಅಂದ.

"ಖರೇ. ಆದ್ರ ಗುಡ್ಡದ ಹಿಂದ ಇದ್ದವರು ಏನಾದ್ರು?" ಅಂದೆ.

"ಯಾರ್ರಿ ಅವರು?"

"ಸನ್ನಿ ಕಾಯಕೋತ ನಿಂತಿದ್ರಲ್ಲಪಾ, ಕುದುರಿ ಮಂದಿ."

ಅವನು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. "ನೀವು ಸಿನಿಮಾ ನೋಡಾಕ ಬಂದಿದ್ರೋ, ಇನ್‌ಸ್ಪೆಕ್ಷನ್ ಮಾಡಾಕೋ?" ಎಂದು ನಕ್ಕ. ನನ್ನ ಹೆಂಡತಿಯೂ ಇದೇ ಮಾತು ಹೇಳುತ್ತಾಳೆ. ನನ್ನ ಜೊತೆ ಸಿನಿಮಾ ನೋಡುವುದೆಂದರೆ ಅವಳಿಗೆ ಶಿಕ್ಷೆ.

ಮುಂದಿನ ಘಟನೆಗೆ ಮೊದಲು ನಮ್ಮ ಕೆಲಸದ ಎರಡು ಪದ್ಧತಿ ಹೇಳಬೇಕು. ಒಂದು, ಲೈನ್ ಕ್ಲಿಯರ್. ನಾವು ಎಲ್‌ಸಿ ಅನ್ನುತ್ತೇವೆ. ಲೈನಿನ ಮೇಲೆ ಕೆಲಸ ಮಾಡುವ ಮೊದಲು ಶಾಖಾಧಿಕಾರಿ ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನಿನ ಕರೆಂಟ್ ತೆಗೆಸುತ್ತಾನೆ. ಎಲ್‌ಸಿ ಅವನ ಹೆಸರಿನಲ್ಲಿ ಇರುತ್ತದೆ. ಕೆಲಸ ಮುಗಿದು, ಎಲ್ಲರೂ ಕಂಬದಿಂದ ಇಳಿದ ಮೇಲೆ ಅವನೇ ಎಲ್‌ಸಿ ವಾಪಸ್ ಕೊಡಬೇಕು. ಅಲ್ಲಿಯವರೆಗೆ ಸ್ವತಃ ಮಂತ್ರಿ ಫೋನ್ ಮಾಡಿದರೂ ಆಪರೇಟರ್ ಸ್ವಿಚ್ ಹಾಕುವಂತಿಲ್ಲ.

ಇನ್ನೊಂದು ಯಾವ ನಿಯಮದಲ್ಲೂ ಇಲ್ಲದ ಪದ್ಧತಿ, ಈ ಕಡೆಯ ನಮ್ಮ ಗ್ಯಾಂಗುಗಳು ತಾವೇ ಮಾಡಿಕೊಂಡದ್ದು. ಕಂಬ ಏರುವವನು ತನ್ನ ಚಪ್ಪಲಿಯನ್ನು ಎಲ್‌ಸಿ ತೆಗೆದುಕೊಂಡ ಅಧಿಕಾರಿಯ ಕಾಲ ಬಳಿ ಬಿಡುತ್ತಾನೆ. ಮೊಬೈಲನ್ನು ಅದರ ಮೇಲಿಡುತ್ತಾನೆ. ಇಳಿದವನು ಬಂದು ತನ್ನ ಚಪ್ಪಲಿ ಮೆಟ್ಟಿಕೊಳ್ಳುತ್ತಾನೆ. ಒಂದು ಜೊತೆ ಉಳಿದಿದ್ದರೂ ಒಬ್ಬ ಮೇಲಿದ್ದಾನೆ ಎಂದೇ ಅರ್ಥ. ಕಂಪನಿ ಎಲ್ಲರಿಗೂ ಸೇಫ್ಟಿ ಬೂಟು ಕೊಟ್ಟಿದೆ, ಬರಿಗಾಲಲ್ಲಿ ಏರಬಾರದು ಎಂದು ನಾನೂ ಕೂಗಿ ಕೂಗಿ ಸಾಕಾಗಿದ್ದೆ. ಕೊನೆಗೆ ಬೂಟು ಹಾಕಿಕೊಂಡು ಏರಿದರೂ ಸರಿ, ಚಪ್ಪಲಿ ಮಾತ್ರ ಸಾಹೇಬರ ಬಳಿ ಇರಲಿ ಎಂದು ಒಪ್ಪಂದವಾಯಿತು. ಹಾಗಾಗಿ ನಮ್ಮ ಲೈನ್‌ಮ್ಯಾನ್‌ಗಳು ಬೂಟಿನ ಜೊತೆಗೆ ಒಂದು ಜೊತೆ ಚಪ್ಪಲಿಯನ್ನೂ ಕೆಲಸಕ್ಕೆ ತರುತ್ತಿದ್ದರು.

ನೋಡುವವರಿಗೆ ಇದು ತಮಾಷೆ. ರಸ್ತೆಯಲ್ಲಿ ಹೋಗುವವರು, ಸಾಹೇಬ್ರು ಚಪ್ಪಲಿ ಅಂಗಡಿ ಹಾಕ್ಯಾರ ಎಂದು ನಗುತ್ತಿದ್ದರು. ಸಂಜೀವನಿಗೆ ಈ ಕೆಲಸ ಚೂರೂ ಸೇರುತ್ತಿರಲಿಲ್ಲ. ಮಂದಿ ಜೀವ ಒತ್ತೆಯಿಟ್ಟು ಮೇಲೆ ನೇತಾಡುವಾಗ ತಾನು ಕೆಳಗೆ ಚಪ್ಪಲಿಗಳ ನಡುವೆ ಗೂಟದಂತೆ ನಿಂತಿರುವುದು ಅವನಿಗೆ ನಾಚಿಕೆಯ ಸಂಗತಿಯಾಗಿತ್ತು.

ಸಿನಿಮಾ ನೋಡಿ ಕೆಲವು ದಿನವಾಗಿತ್ತು. ಮಳೆಗಾಲಕ್ಕೆ ಮೊದಲಿನ ಅಡ್ಡಮಳೆ ಬಂತು. ನಮ್ಮ ಕಡೆ ಆ ಮಳೆಗಿಂತ ಅದರ ಗಾಳಿಯೇ ಹೆಚ್ಚು ಕೆಡುಕು. ಹಳ್ಳದ ದಂಡೆಯ ಹನ್ನೊಂದು ಕೆವಿ ಲೈನಿನ ಕಂಬಗಳು ಮಲಗಿದವು, ತಂತಿ ಹರಿದು ನೀರಿಗೆ ಬಿತ್ತು. ಆ ಲೈನಿನ ಮೇಲೆಯೇ ಊರಿಗೆ ಕುಡಿಯುವ ನೀರು ಎತ್ತುವ ಮೋಟರು. ಎರಡು ದಿನ ನಳಕ್ಕೆ ನೀರಿಲ್ಲ. ಮೂರನೆಯ ದಿನ ಹೆಣ್ಣುಮಕ್ಕಳು ಕೊಡ ಹಿಡಿದುಕೊಂಡು ನೆಟ್ಟಗೆ ಕೆಲಸದ ಜಾಗಕ್ಕೇ ಬಂದು ನಿಂತರು.

ಹೊಸ ಕಂಬ ನಿಲ್ಲಿಸಿಯಾಗಿತ್ತು. ಹಳ್ಳ ದಾಟಿಸಿ ತಂತಿ ಎಳೆದು ಕಟ್ಟುವುದು ಬಾಕಿ. ಮಧ್ಯಾಹ್ನ ಸಂಜೀವ ತನ್ನ ಹೆಸರಿನಲ್ಲಿ ಎಲ್‌ಸಿ ತೆಗೆದುಕೊಂಡ. ಜೀಪು ನಿಲ್ಲಿಸಿದ್ದು ರಸ್ತೆಯ ಏರಿಯ ಮೇಲೆ. ಅಲ್ಲಿಂದ ಒಂದು ಕಡೆ ಹಳ್ಳದ ದಂಡೆ ಕಾಣುತ್ತಿತ್ತು, ಇನ್ನೊಂದು ಕಡೆ ಒಣದ್ರಾಕ್ಷಿ ಮಾಡುವ ಎತ್ತರದ ಶೆಡ್ಡು. ಆ ಶೆಡ್ಡಿನ ಆಚೆಗೆ ಇದೇ ಲೈನಿನಿಂದ ಕವಲೊಡೆದ ಒಂದು ಕಂಬವಿತ್ತು, ಏರಿಯ ಮೇಲಿಂದ ಕಾಣುತ್ತಿತ್ತು, ಹಳ್ಳದ ದಂಡೆಯಿಂದ ಕಾಣುತ್ತಿರಲಿಲ್ಲ. ಅಲ್ಲಿಗೆ ಪದ್ಮರಾಜ ಎಂಬ ಲೈನ್‌ಮ್ಯಾನನನ್ನು ಕಳಿಸಿದ. ಕವಲನ್ನು ಮುಖ್ಯ ತಂತಿಗೆ ಸೇರಿಸುವ ತುಂಡು ತಂತಿಗೆ ಜಂಪರ್ ಎನ್ನುತ್ತಾರೆ. ಅದನ್ನು ಬಿಚ್ಚಿ ಪದ್ಮರಾಜ ಮೇಲೆಯೇ ಇರಬೇಕು. ಹಳ್ಳದ ಕಡೆ ತಂತಿ ಬಿಗಿದ ಮೇಲೆ ಸಂಜೀವ ಏರಿಯ ಮೇಲಿಂದ ಕೆಂಪು ಬಟ್ಟೆ ಬೀಸುತ್ತಾನೆ. ಆಗ ಮತ್ತೆ ಜಂಪರ್ ಕಟ್ಟಿ ಇಳಿಯಬೇಕು.

"ನಾ ಸನ್ನಿ ಮಾಡೋತನಕ ಇಳೀಬ್ಯಾಡ," ಅಂದನಂತೆ ಸಂಜೀವ.

"ಹೊತ್ತು ಮುಳಗೋದ್ರೊಳಗ ಸನ್ನಿ ಮಾಡ್ರಿ ಸಾಹೇಬ್ರ. ಇಲ್ಲಾಂದ್ರ ಡಬ್ಬಿ ಹಂಗ ಮನಿಗಿ ಹೊಕ್ಕೈತಿ," ಅಂದನಂತೆ ಪದ್ಮರಾಜ. ಅವನು ಶೇಡಬಾಳ ಕಡೆಯ ಜೈನರ ಮನೆಯವನು, ಸೂರ್ಯ ಮುಳುಗಿದ ಮೇಲೆ ಉಣ್ಣುವವನಲ್ಲ. ಗ್ಯಾಂಗಿನವರು ಅವನನ್ನು ಇದಕ್ಕಾಗಿ ದಿನಾ ಕಾಡಿಸುತ್ತಿದ್ದರು, ದಿನಾ ಅವನ ಊಟದ ಹೊತ್ತಿಗೆ ಕೆಲಸ ಮುಗಿಸಿಕೊಡುತ್ತಲೂ ಇದ್ದರು. ಅವನು ಬೂಟು ಬಿಗಿದುಕೊಂಡು, ಚಪ್ಪಲಿ, ಮೊಬೈಲು, ಊಟದ ಡಬ್ಬಿ ಮೂರನ್ನೂ ಜೀಪಿನ ಗಾಲಿಯ ಹತ್ತಿರ ಇಟ್ಟು ಹೋದ. ಚಪ್ಪಲಿಯ ಒಂದು ಬಾರು ಹರಿದದ್ದಕ್ಕೆ ಅಲ್ಯೂಮಿನಿಯಂ ತಂತಿ ಸುತ್ತಿದ್ದ.

ಹಳ್ಳದ ಕಡೆ ಕೆಲಸ ಕುಂಟುತ್ತಿತ್ತು. ದಂಡೆಯ ಮಣ್ಣು ಕುಸಿದು ಹಳೆಯ ಕಂಬವೊಂದು ನೀರಿನ ಕಡೆ ವಾಲಿತ್ತು. ತಂತಿ ಕಟ್ಟಬೇಕಾದದ್ದು ಅದರ ತುದಿಗೇ. ಏರಲು ಹೋದವರು ಎರಡು ಸಲ ಹಿಂದೆ ಬಂದರು. ಜನ ಗೊಣಗತೊಡಗಿದರು. ಏರಿಯ ಮೇಲೆ ಚಪ್ಪಲಿಗಳ ನಡುವೆ ನಿಂತಿದ್ದ ಸಂಜೀವನಿಗೆ ತಡೆಯಲಾಗಲಿಲ್ಲ. ಷರ್ಟಿನ ತೋಳು ಮಡಚಿದ. ಬೂಟು ಬಿಚ್ಚಿ ಜೀಪಿನ ಹತ್ತಿರ ಇಟ್ಟ, ಫೋನನ್ನು ಸೀಟಿನ ಮೇಲೆ ಎಸೆದ. ಬೂಟು ಹಾಕಿ ಏರಿರೆಂದು ಮಂದಿಗೆ ಹೇಳಬೇಕಾದವನು ಬರಿಗಾಲಲ್ಲೇ ದಂಡೆಗೆ ಇಳಿದ.

ಗ್ಯಾಂಗಿನ ಹಿರಿಯ ಅಪ್ಪಾಸಾಬ ಮೇಸ್ತ್ರಿ ಅಡ್ಡ ಬಂದ. "ಸಾಹೇಬ್ರ, ನೀವು ಏರಬ್ಯಾಡ್ರಿ. ಇನ್ನೊಂದು ತಾಸು ತಡದ್ರ ನಾವ ಹಗ್ಗ ಬಿಗದು ಏರ್ತೀವಿ. ನೀವು ಮ್ಯಾಲ ಜೀಪಿನ ಹಂತ್ಯಾಕ ನಿಂದರ್ರಿ."

"ಚಪ್ಪಲಿ ಕಾಯಾಕ ನಾ ಇಂಜಿನಿಯರಿಂಗ್ ಕಲತಿಲ್ರಿ ಮೇಸ್ತ್ರಿ," ಎಂದು ಸಂಜೀವ ಕಂಬ ಹತ್ತಿದ.

ಇದಿಷ್ಟೂ ನನಗೆ ಆಮೇಲೆ ಗೊತ್ತಾದದ್ದು. ನಾನು ಇನ್ನೊಂದು ಶಾಖೆಯ ಕೆಲಸ ನೋಡಿಕೊಂಡು ಆ ಕಡೆ ಬರುತ್ತಿದ್ದೆ. ರಸ್ತೆಗೆ ಅಡ್ಡ ಬೇವಿನ ಮರ ಬಿದ್ದಿತ್ತು. ಗಾಡಿ ಅಲ್ಲೇ ಬಿಟ್ಟು ನಡೆದೆ. ದೂರದಿಂದಲೇ ಹಲಗೆ ವಾದ್ಯ ಬಡಿಯುವ ಸದ್ದು, ಶಿಳ್ಳೆ ಕೇಳಿಸಿತು. ಹಳ್ಳದ ದಂಡೆಯಲ್ಲಿ ಜನ ಯಾರನ್ನೋ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಹತ್ತಿರ ಬಂದಾಗ ಅದು ಸಂಜೀವ ಎಂದು ತಿಳಿಯಿತು. ವಾಲಿದ ಕಂಬ ಏರಿ ತಂತಿ ಕಟ್ಟಿ ಇಳಿದಿದ್ದ. "ಏಕ್ ನಂಬರ್ ಸಾಹೇಬ!" ಎಂದು ಕೂಗುತ್ತಿದ್ದರು. ಮೈತುಂಬ ಕೆಸರು, ಮುಖದಲ್ಲಿ ನಗು. ಥಿಯೇಟರಿನಿಂದ ಹೊರಬಂದ ದಿನದ ಅದೇ ಮುಖ. ಸುಳ್ಳೇಕೆ ಹೇಳಲಿ, ನನಗೂ ಎದೆಯುಬ್ಬಿತು.

ಏರಿಯ ಮೇಲೆ ಜೀಪು ಒಂಟಿಯಾಗಿ ನಿಂತಿತ್ತು. ಸುಸ್ತಾಗಿತ್ತು, ಅದಕ್ಕೆ ಒರಗಿ ನಿಂತೆ. ಹಳ್ಳದಲ್ಲಿ ಕೆಲಸ ಮಾಡಿದವರು ಆಗಲೇ ಬಂದು ತಂತಮ್ಮ ಚಪ್ಪಲಿ ಮೆಟ್ಟಿಕೊಂಡು ಗದ್ದಲ ಸೇರಿಕೊಂಡಿದ್ದರು. ತಂತಿಗೆ ಹಾಕಿದ್ದ ಅರ್ತಿಂಗ್ ಸರಪಳಿಯನ್ನೂ ಬಿಚ್ಚಿ ಜೀಪಿನಲ್ಲಿ ಎಸೆದಿದ್ದರು. ಯಾರಾದರೂ ತಪ್ಪಿ ಸ್ವಿಚ್ ಹಾಕಿದರೆ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯಲೆಂದು ಹಾಕುವ ಸರಪಳಿ ಅದು. ಗಾಲಿಯ ಹತ್ತಿರ ಸಂಜೀವನ ಬೂಟು ಇತ್ತು. ಅದರ ಪಕ್ಕದಲ್ಲಿ ತಂತಿ ಸುತ್ತಿದ ಒಂದು ಜೊತೆ ಚಪ್ಪಲಿ, ಅದರ ಮೇಲೆ ಮೊಬೈಲು, ಊಟದ ಡಬ್ಬಿ.

ತಲೆಯೆತ್ತಿ ಸುತ್ತ ನೋಡಿದೆ. ಶೆಡ್ಡಿನ ಆಚೆ, ಕಂಬದ ತುದಿಯಲ್ಲಿ ಬೆಲ್ಟು ಬಿಗಿದುಕೊಂಡು ಒಬ್ಬ ಕೂತಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನಾನು ನಿಂತ ಕಡೆಗೇ ನೋಡುತ್ತಿದ್ದ.

ಆಗಲೇ ನನ್ನ ಫೋನ್ ರಿಂಗಾಯಿತು. ಸಬ್‌ಸ್ಟೇಷನ್ನಿನ ಆಪರೇಟರ್ ಸುಜಾತಾ. ನೌಕರಿಗೆ ಸೇರಿ ಬಹಳ ದಿನವಾಗಿರದ ಹುಡುಗಿ.

"ಸರ್, ಸಂಜೀವ ಸರ್ ಎಲ್‌ಸಿ ವಾಪಸ್ ಅಂದ್ರು. ಆದ್ರ ಯಾರದೋ ಬ್ಯಾರೇದವರ ಫೋನ್ರಿ. ಹಿಂದ ಹಲಗಿ, ಶಿಳ್ಳಿ. ಎಲ್ಲಾರೂ ಇಳದಾರೇನ್ರಿ ಅಂತ ಕೇಳಿದ್ರ ಹೂಂ ಹೂಂ ಹಾಕವ್ವಾ ಅಂದ್ರು. ನಿಮ್ಮ ಫೋನಿಂದ, ಗದ್ದಲಿಲ್ಲದ ಕಡಿಂದ ಮಾಡ್ರಿ ಅಂದೆ. ಬೈದು ಫೋನ್ ಇಟ್ರು. ನಾ ಇನ್ನೂ ಹಾಕಿಲ್ರಿ. ತಪ್ಪಾತೇನ್ರಿ?"

"ತಪ್ಪಲ್ಲವ್ವಾ ತಾಯಿ. ಪದ್ಮರಾಜ ಇನ್ನೂ ಮ್ಯಾಲ ಅದಾನ. ನಾ ಹೇಳೋತನಕ ಸ್ವಿಚ್ ಮುಟ್ಟಬ್ಯಾಡ," ಅಂದೆ. ಆ ಕಡೆ ಅವಳು "ಅಯ್ಯೋ ನಮ್ಮವ್ವಾ" ಅಂದದ್ದು ಕೇಳಿಸಿತು.

ಸಂಜೀವ ಗುಂಪಿನಿಂದ ಬಿಡಿಸಿಕೊಂಡು ಏರಿ ಹತ್ತಿ ಬರುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. "ನೋಡಿದ್ರೇನ್ರಿ ಸರ್? ಕೆಲಸ ಮುಗೀತು. ಆ ಹುಡುಗಿ ಒಬ್ಬಾಕಿ ನನ್ನ ದನೀನೂ ನಂಬವಲ್ಲಳು. ನನ್ನ ಫೋನಿಂದ ಮಾಡಬೇಕಂತ. ಊರು ನೀರಿಗಿ ಬಾಯಿ ಬಿಡಾಕತ್ತೈತಿ..." ಎನ್ನುತ್ತಲೇ ಸೀಟಿನ ಮೇಲಿನ ಫೋನ್ ತೆಗೆದುಕೊಂಡ. ಇನ್ನೊಂದು ಕೈ ಚಾಚಿ ಬೂಟಿಗೆಂದು ಬಗ್ಗಿದ.

ಬಗ್ಗಿದವನು ಪಕ್ಕದ ಚಪ್ಪಲಿ ಕಂಡು ಹಾಗೇ ನಿಂತುಬಿಟ್ಟ. ನಿಧಾನಕ್ಕೆ ತಲೆಯೆತ್ತಿ ಶೆಡ್ಡಿನ ಆಚೆ ನೋಡಿದ. ಅವನ ಮುಖದಿಂದ ರಕ್ತ ಇಳಿದುಹೋದದ್ದು ಕೆಸರಿನ ಮೇಲೂ ಕಾಣುತ್ತಿತ್ತು. "ಸರ್..." ಅಂದ.

"ಹಾಕಿಲ್ಲ. ಸುಜಾತಾ ಹಾಕಿಲ್ಲ," ಅಂದೆ.

ಅವನು ಫೋನನ್ನು ಜೇಬಿಗೆ ತುರುಕಿ, ಪದ್ಮರಾಜನ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಏರಿ ಇಳಿದು ಓಡಿದ. ತನ್ನ ಬೂಟು ಅಲ್ಲೇ ಬಿದ್ದಿತ್ತು. ಶೆಡ್ಡಿನ ಸುತ್ತಲಿನ ಮುಳ್ಳು, ಕಡಿದ ಬಳ್ಳಿಗಳ ಮೋಟು, ಯಾವುದನ್ನೂ ನೋಡಲಿಲ್ಲ. ಪದ್ಮರಾಜನ ಮೊಬೈಲು, ಡಬ್ಬಿ ಹಿಡಿದುಕೊಂಡು ನಾನು ಹಿಂದೆ ಹೋದೆ.

ಕಂಬದ ಕೆಳಗೆ ನಿಂತು ಅವನು ಏನೋ ಕೂಗಿದ. ದನಿ ಒಡೆದು ಅದು ಮಾತಾಗಲಿಲ್ಲ. ಪದ್ಮರಾಜ ಮೇಲಿಂದ ಬಗ್ಗಿ ನೋಡಿದ. ಅವನಿಗೆ ಇದಾವುದೂ ಗೊತ್ತಿಲ್ಲ.

"ಯಾಕ್ರಿ ಸಾಹೇಬ್ರ? ಶಿಳ್ಳಿ ಕೇಳಿಸ್ತು, ಕೆಲಸ ಮುಗದೈತಿ ಅಂತ ತಿಳೀತು. ಆದ್ರ ನೀವು ಸನ್ನಿ ಮಾಡ್ತೀನಿ ಅಂದಿದ್ರಲ್ರಿ. ಅದನ್ನ ಕಾಯಕೋತ ಕುಂತೀನಿ. ಜಂಪರ್ ಕಟ್ಲೇನ್ರಿ ಈಗ?"

ಜಂಪರ್ ಕಟ್ಟುವುದೆಂದರೆ ಎರಡೂ ಕೈಯಿಂದ ತಂತಿ ಹಿಡಿಯುವುದು. ಸುಜಾತಾ ಆ ಗದ್ದಲದ ಫೋನನ್ನು ನಂಬಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಥ ಎರಡು ಹೆಣಗಳನ್ನು ಕಂಬದಿಂದ ಇಳಿಸಿದ ಕೈ ನನ್ನದು.

ಪದ್ಮರಾಜ ಜಂಪರ್ ಕಟ್ಟಿ ಇಳಿದ. ಇಳಿಯುವಷ್ಟು ಹೊತ್ತೂ ಸಂಜೀವ ಕಂಬದ ಬುಡ ಬಿಟ್ಟು ಅಲುಗಲಿಲ್ಲ. ಪದ್ಮರಾಜನ ಕಾಲು ನೆಲಕ್ಕೆ ತಾಗಿದ ಕೂಡಲೇ ಬಗ್ಗಿ ಚಪ್ಪಲಿಗಳನ್ನು ಎದುರಿಗೆ ಇಟ್ಟ. ಪದ್ಮರಾಜನಿಗೆ ಸಂಕೋಚವಾಯಿತು. "ಏನ್ ಮಾಡಾಕತ್ತೀರಿ ಸಾಹೇಬ್ರ, ಬಿಡ್ರಿ," ಎಂದು ಹಿಂದೆ ಸರಿದ. ಆಗ ಸಂಜೀವ ಅಲ್ಲೇ ನೆಲದ ಮೇಲೆ ಕೂತು ಅತ್ತ. ಅವನ ಅಂಗಾಲುಗಳಿಂದ ರಕ್ತ ಸೋರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ತನ್ನ ಫೋನಿನಿಂದ ಸುಜಾತಾಗೆ ಹೇಳಿದ. ಮೊದಲು ಕ್ಷಮೆ ಕೇಳಿದ. ಆಮೇಲೆ ಏರಿದವರ ಹೆಸರು ಒಂದೊಂದಾಗಿ ಹೇಳಿ, ಎಲ್ಲರೂ ಇಳಿದಿದ್ದಾರೆ ಅಂದ. ದೂರದಲ್ಲಿ ಮೋಟರಿನ ಸದ್ದು ಕೇಳಿಸಿತು, ಜನ ಇನ್ನೊಮ್ಮೆ ಶಿಳ್ಳೆ ಹೊಡೆದರು. ಸೂರ್ಯ ಇನ್ನೂ ಶೆಡ್ಡಿನ ಮೇಲೆ ಇದ್ದ. ಪದ್ಮರಾಜ ಡಬ್ಬಿ ಬಿಚ್ಚಿ ರೊಟ್ಟಿ ಮುರಿದ. ನಾವಿಬ್ಬರೂ ಪಕ್ಕದಲ್ಲಿ ಕೂತು ಅವನು ಉಣ್ಣುವುದನ್ನು ನೋಡಿದೆವು. "ಹಿಂಗ ನೋಡಿದ್ರ ಹೆಂಗ ಉಣ್ಣೂದ್ರಿ?" ಎಂದು ನಮಗೂ ಒಂದೊಂದು ತುಂಡು ಕೊಟ್ಟ.

ನಡೆದದ್ದನ್ನು ಮೇಲಿನವರಿಗೆ ತಿಳಿಸಿದೆ. ಸಂಜೀವನೂ ಅದನ್ನು ಮುಚ್ಚಿಡಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲ ಲೈನ್‌ಮ್ಯಾನ್‌ಗಳ ಎದುರು ತಾನೇ ಎದ್ದು ನಿಂತು ಹೇಳಿದ. ಅವನು ವಾಲಿದ ಕಂಬ ಏರಿದ್ದಕ್ಕಿಂತ ಅದಕ್ಕೆ ಹೆಚ್ಚು ಧೈರ್ಯ ಬೇಕಿತ್ತು ಎಂದು ನನಗೆ ಅನಿಸಿತು.

ಆ ಸಿನಿಮಾದ ರಾಜನ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಅವನು ಹೇಡಿಯಲ್ಲ, ಸ್ವಾರ್ಥಿಯಲ್ಲ. ತನ್ನವರು ಸಾಯುವಾಗ ತಾನು ದಿಬ್ಬದ ಮೇಲೆ ನಿಂತಿರಲಾರೆ ಎಂದ, ಆ ಮಾತು ಎಂಥವರ ಮನಸ್ಸನ್ನೂ ಕರಗಿಸುವಂಥದ್ದೇ. ಆದರೆ ಎರಡೂ ಕಡೆ ಕಾಣುವ ಜಾಗ ಅದೊಂದೇ ಆಗಿತ್ತು, ನಿಶಾನೆ ಇದ್ದದ್ದು ಅವನ ಕೈಯಲ್ಲೇ. ಮುಂದೆ ನುಗ್ಗಲು ಸಾವಿರ ಜನ ಇದ್ದರು. ದಿಬ್ಬದ ಮೇಲೆ ನಿಲ್ಲಲು ಅವನೊಬ್ಬನೇ ಇದ್ದ. ತಡೆದ ಸೇನಾಪತಿಯನ್ನು ಗದರಿಸಿದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವ ಧೈರ್ಯ ಮಾಡಲಿಲ್ಲ. ನಮ್ಮ ಪುಣ್ಯಕ್ಕೆ ಸುಜಾತಾ ಬೈಸಿಕೊಂಡೂ ತನ್ನ ಮಾತು ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಐಗಳಿ ಕಡೆ ಒಂದು ಮದುವೆಗೆ ಹೊರಟಿದ್ದೆ. ದಾರಿಯಲ್ಲಿ ಲೈನ್ ಕೆಲಸ ನಡೆದಿತ್ತು. ರಸ್ತೆಯ ಪಕ್ಕ, ಉರಿಬಿಸಿಲಲ್ಲಿ ಛತ್ರಿ ಹಿಡಿದು ಸಂಜೀವ ನಿಂತಿದ್ದ. ಕಾಲ ಬಳಿ ಚಪ್ಪಲಿಗಳ ಸಾಲು. ಗಾಡಿ ನಿಲ್ಲಿಸಿ, "ಏನ್ ನಡಸೀರಿ ಸಾಹೇಬ್ರ?" ಅಂದೆ.

"ಚಪ್ಪಲಿ ಕಾಯಾಕತ್ತೀನ್ರಿ ಸರ್," ಎಂದು ನಕ್ಕ, ಕಣ್ಣು ಮಾತ್ರ ಕಂಬಗಳ ಮೇಲೆಯೇ ಇತ್ತು. "ಆ ಸಿನಿಮಾ ಮೊನ್ನಿ ಟಿವಿಯಾಗ ಬಂದಿತ್ರಿ. ಮತ್ತ ನೋಡಿದೆ. ಗುಡ್ಡದ ಹಿಂದಿನ ಮಂದಿ ಏನಾದ್ರು ಅಂತ ತೋರಿಸೇ ಇಲ್ರಿ," ಅಂದ.

"ಯಾವ ಸಿನಿಮಾದಾಗೂ ತೋರಿಸೂದಿಲ್ಲಪಾ," ಅಂದೆ.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದನ್ನೇ. ಹಿರಿಯನಾದವನು ಎಷ್ಟು ಮುಂದೆ ಹೋದ ಎಂಬುದನ್ನು ಊರು ನೋಡುತ್ತದೆ. ಅವನನ್ನು ನಂಬಿ ಮೇಲೆ ಏರಿದವನು ಮಾತ್ರ, ಅವನು ಇದ್ದ ಜಾಗದಲ್ಲಿ ಇದ್ದಾನೋ ಇಲ್ಲವೋ ಎಂದು ನೋಡುತ್ತಾನೆ.

ಮದುವೆಗೆ ತಡವಾಗುತ್ತಿತ್ತು, ಆದರೂ ನಾನು ನಿಂತೆ. ಲೈನ್‌ಮ್ಯಾನ್‌ಗಳು ಒಬ್ಬೊಬ್ಬರೇ ಇಳಿದು ಬಂದು ಚಪ್ಪಲಿ ಮೆಟ್ಟಿಕೊಂಡರು. ಕೊನೆಗೆ ಒಂದು ಜೊತೆ ಉಳಿಯಿತು. ದೂರದ ಕಂಬದಿಂದ ಪದ್ಮರಾಜ ಇಳಿದು, ಬೆವರು ಒರೆಸಿಕೊಳ್ಳುತ್ತ ಬಂದು, ಬೂಟು ಕಳಚಿ ಅದರಲ್ಲಿ ಕಾಲು ತೂರಿಸಿದ. ಆಮೇಲೆ ಸಂಜೀವ ಜೇಬಿನಿಂದ ಫೋನ್ ತೆಗೆದ.